ಅಪೋಫಿಸ್ 2029: 31,600 ಕಿ.ಮೀ. ಸರಿಯೋ 38,000 ಸರಿಯೋ? ಬಡಿಯಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತಾರೆ?

ಬೆಳ್ಳಿಚುಕ್ಕಿ

ನಿನ್ನೆ ರಾತ್ರಿ ಒಂದು ಚಾನೆಲ್‌ನವರು ಬೆಂಕಿಯುಂಡೆ ಬಂದು ಭೂಮಿಗೆ ಅಪ್ಪಳಿಸೋ ಗ್ರಾಫಿಕ್ಸ್ ಹಾಕಿ ಅರ್ಧ ಗಂಟೆ ಅಪೋಫಿಸ್ ಅಪೋಫಿಸ್ ಅಂತ ಕಿರುಚಿದರು. 2029ರಲ್ಲಿ ಭೂಮಿಯ ತೀರಾ ಹತ್ತಿರ ಹಾದುಹೋಗೋ ಕ್ಷುದ್ರಗ್ರಹವಂತೆ ಅದು. ಕೊನೆಗೆ ಅದು ಬಡಿಯುತ್ತೋ ಇಲ್ಲವೋ ಅನ್ನೋದನ್ನೇ ಹೇಳದೆ ಜಾಹೀರಾತಿಗೆ ಹೋದರು. ಆರನೇ ಕ್ಲಾಸಿನ ಮಗಳು ಪಕ್ಕದಲ್ಲೇ ಇದ್ದಳು. "ಅಪ್ಪಾ, 2029ಕ್ಕೆ ನಾನು ಎಷ್ಟನೇ ಕ್ಲಾಸು?" ಅಂತ ಬೆರಳು ಮಡಚಿ ಎಣಿಸೋಕೆ ಶುರು ಮಾಡಿದಳು. ನನಗೆ ಹೊಟ್ಟೆ ಚುರುಕ್ ಅಂತು.

ರಾತ್ರಿ ಕೂತು ಒಂದಷ್ಟು ಓದಿದೆ. ಓದಿದ ಮೇಲೆ ಗೊಂದಲ ಹೆಚ್ಚಾಯಿತು. ಒಂದು ಕಡೆ 31,600 ಕಿ.ಮೀ. ದೂರ ಅಂತಿದೆ, ಇನ್ನೊಂದು ಕಡೆ 38,000. ಆರು ಸಾವಿರ ಕಿಲೋಮೀಟರ್ ವ್ಯತ್ಯಾಸ ಅಂದ್ರೆ ಭೂಮಿಯ ಅರ್ಧದಷ್ಟಾಯಿತಲ್ಲ! ಅಷ್ಟೂ ಗೊತ್ತಿಲ್ಲದವರು ಬಡಿಯೋದೇ ಇಲ್ಲ ಅಂತ ಹೇಗೆ ಹೇಳ್ತಾರೆ? 2004ರಲ್ಲಿ ಬಡಿಯಬಹುದು ಅಂದವರೂ ಇವರೇ ತಾನೆ?

ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಮಗಳಿಗೆ ಉತ್ತರ ಕೊಡಬೇಕು.

ಕತ್ತಲೆಪ್ರಿಯೆ

ಎರಡೂ ಸರಿ ಸರ್. 38,000 ಅನ್ನೋದು ಭೂಮಿಯ ಕೇಂದ್ರದಿಂದ ಅಳೆದದ್ದು. 31,600 ನೆಲದ ಮೇಲಿಂದ. ನೀವೇ ಹೇಳಿದ ಹಾಗೆ ನಡುವಿನ ವ್ಯತ್ಯಾಸ ಭೂಮಿಯ ಅರ್ಧ, ಅಂದ್ರೆ ಅದರ ತ್ರಿಜ್ಯ. ಯಾವುದರಿಂದ ಅಳೆದದ್ದು ಅಂತ ಬರೆಯದೆ ಬರೀ ಅಂಕಿ ಹಾಕಿದರೆ ಈ ಗೊಂದಲ ಗ್ಯಾರಂಟಿ.

ದಿನ 2029ರ ಏಪ್ರಿಲ್ 13, ಯುಟಿಸಿ (ಜಾಗತಿಕ ಸಮಯ) ರಾತ್ರಿ 9.46. ಭೂಸ್ಥಿರ ಉಪಗ್ರಹಗಳು, ಅಂದ್ರೆ ಭೂಮಿಯ ಜೊತೆಗೇ ತಿರುಗುತ್ತಾ ಒಂದೇ ಕಡೆ ನಿಂತ ಹಾಗೆ ಕಾಣೋವು, ನೆಲದಿಂದ 35,786 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅಂದ್ರೆ ಅಪೋಫಿಸ್ ಅವುಗಳಿಗಿಂತ ಒಳಗೆ ನುಗ್ಗಿ ಹೋಗುತ್ತೆ. ಸರಾಸರಿ 375 ಮೀಟರ್ ಗಾತ್ರದ ಬಂಡೆ. ಇಷ್ಟು ದೊಡ್ಡದು ಇಷ್ಟು ಹತ್ತಿರ ಬರೋದು ಸಾವಿರಾರು ವರ್ಷಕ್ಕೊಮ್ಮೆ ಅಂತ ಅಂದಾಜು. ನನ್ನ ಮಟ್ಟಿಗೆ ಇದು ಹೆದರೋ ದಿನ ಅಲ್ಲ. ರಜೆ ಹಾಕಿ ಕಾಯೋ ದಿನ.

ಅನುಮಾನರಾಯ

ಉಪಗ್ರಹಗಳಿಗೆ ಬಡಿಯಲ್ವಾ ಹಾಗಾದ್ರೆ? ಅಷ್ಟೊಂದು ಇವೆಯಲ್ಲ ಅಲ್ಲಿ.

ಕತ್ತಲೆಪ್ರಿಯೆ

ಭೂಸ್ಥಿರ ಉಪಗ್ರಹಗಳೆಲ್ಲ ಸಮಭಾಜಕದ ಮೇಲೆ ಒಂದು ತೆಳು ಬಳೆಯ ಹಾಗೆ ಸಾಲಾಗಿವೆ. ಅಪೋಫಿಸ್ ಓರೆಯಾಗಿ ಬಂದು ಹೋಗುತ್ತೆ. ಬಳೆಯ ಒಳಗೆ ಕಡ್ಡಿ ತೂರಿಸಿದ ಹಾಗೆ ಅಂದ್ಕೊಳ್ಳಿ. ಉಪಗ್ರಹಕ್ಕೆ ತಗಲೋ ನಿರೀಕ್ಷೆ ಇಲ್ಲ.

ಸುಮ್ನೆ_ಓದುಗ

ಶುಕ್ರವಾರ, 13ನೇ ತಾರೀಖು. ಪಶ್ಚಿಮದವರಿಗೆ ನಿದ್ದೆ ಬರಲ್ಲ ಅವತ್ತು 😄

ಲೆಕ್ಕದ_ಮೇಷ್ಟ್ರು

ಆ ಕ್ಷಣಕ್ಕೆ ಐದೂವರೆ ಗಂಟೆ ಕೂಡಿಸಿ ನೋಡಿ, ನಮ್ಮ ಗಡಿಯಾರದಲ್ಲಿ ಆಗಲೇ 14ನೇ ತಾರೀಖು ಶನಿವಾರ ಬೆಳಗಿನ ಜಾವ 3.16. ಅಪಶಕುನಕ್ಕೂ ಕಾಲವಲಯ ಇದೆ ಅಂತಾಯಿತು.

ಬೆಳ್ಳಿಚುಕ್ಕಿಯವರ ಎರಡನೇ ಪ್ರಶ್ನೆಯೇ ನಿಜವಾದ ಪ್ರಶ್ನೆ. 2004ರಲ್ಲಿ ಬಡಿಯಬಹುದು ಅಂದವರು ಈಗ ಇಲ್ಲ ಅಂದರೆ ಆಗ ತಪ್ಪಿದ್ದರು ಅಂತಲ್ಲವೇ? ಅಲ್ಲ. ಮೊದಲು ನಡೆದದ್ದು ಏನು ಅಂತ ಹೇಳುತ್ತೇನೆ, ಆಮೇಲೆ ಲೆಕ್ಕ.

2004ರ ಜೂನ್ 19ರಂದು ಅರಿಜೋನಾದ ಕಿಟ್ ಪೀಕ್‌ನಲ್ಲಿ ರಾಯ್ ಟಕರ್, ಡೇವಿಡ್ ಥೋಲೆನ್, ಫ್ಯಾಬ್ರಿಜಿಯೊ ಬರ್ನಾರ್ಡಿ ಇದನ್ನು ಕಂಡರು. ಎರಡು ರಾತ್ರಿ ಮಾತ್ರ ಸಿಕ್ಕಿತು. ಆಮೇಲೆ ಕೈತಪ್ಪಿತು. ಆರು ತಿಂಗಳ ನಂತರ, ಡಿಸೆಂಬರ್ 18ರಂದು, ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಲ್ಲಿ ಮತ್ತೆ ಸಿಕ್ಕಿತು. ಆಗಿನ್ನೂ ಅದಕ್ಕೆ ಹೆಸರಿಲ್ಲ, 2004 ಎಂಎನ್4 ಅನ್ನೋ ಗುರುತು ಮಾತ್ರ. ಕಕ್ಷೆ ಲೆಕ್ಕ ಹಾಕಿದಾಗ 2029ರ ಏಪ್ರಿಲ್ 13ಕ್ಕೆ ಭೂಮಿಗೆ ಬಡಿಯೋ ಸಾಧ್ಯತೆ ಡಿಸೆಂಬರ್ 23ಕ್ಕೆ 300ರಲ್ಲಿ ಒಂದು. ಮರುದಿನ 62ರಲ್ಲಿ ಒಂದು. 27ಕ್ಕೆ 37ರಲ್ಲಿ ಒಂದು, ಅಂದರೆ ಶೇ. 2.7. ಡಿಕ್ಕಿಯ ಅಪಾಯವನ್ನು 0ಯಿಂದ 10ರವರೆಗೆ ಅಳೆಯೋ ಟೊರಿನೊ ಮಾಪಕದಲ್ಲಿ 4. ಅಷ್ಟು ಮೇಲೆ ಹೋದ ಕ್ಷುದ್ರಗ್ರಹ ಇನ್ನೊಂದಿಲ್ಲ. ನಡುವೆ 26ನೇ ತಾರೀಖು ಹಿಂದೂ ಮಹಾಸಾಗರದ ಸುನಾಮಿ ಬಂತು. ಜಗತ್ತಿಗೆ ಈ ಸುದ್ದಿ ಕೇಳೋ ಮನಸ್ಸೇ ಇರಲಿಲ್ಲ.

ಅದೇ 27ಕ್ಕೆ, ಕ್ಷುದ್ರಗ್ರಹ ಹುಡುಕೋ ಸ್ಪೇಸ್‌ವಾಚ್ ತಂಡದವರ ಹಳೇ ಚಿತ್ರಗಳಲ್ಲಿ ಮಾರ್ಚ್ ತಿಂಗಳ ಒಂದರಲ್ಲಿ ಇದೇ ಬಂಡೆ ಮಂಕಾಗಿ ಬಿದ್ದಿರೋದು ಗೊತ್ತಾಯಿತು. ಯಾರೂ ಗಮನಿಸಿರಲಿಲ್ಲ ಅಷ್ಟೆ. ಅದನ್ನು ಲೆಕ್ಕಕ್ಕೆ ಸೇರಿಸಿದ ಕೂಡಲೇ 2029ರ ಡಿಕ್ಕಿ ರದ್ದು.

ಅನುಮಾನರಾಯ

ಇದೇ ನನ್ನ ತಕರಾರು ಮೇಷ್ಟ್ರೇ. 300ರಲ್ಲಿ ಒಂದು, 62ರಲ್ಲಿ ಒಂದು, 37ರಲ್ಲಿ ಒಂದು. ದಿನದಿಂದ ದಿನಕ್ಕೆ ಏರ್ತಾ ಇದೆ. ಇದ್ದಕ್ಕಿದ್ದ ಹಾಗೆ ಸೊನ್ನೆ. ಜ್ವರ ನೂರಾಮೂರು ಏರಿ ಥರ್ಮಾಮೀಟರೇ ಒಡೆದುಹೋದ ಹಾಗಿದೆ. ಯಾರಾದರೂ ನಂಬ್ತಾರಾ?

ಲೆಕ್ಕದ_ಮೇಷ್ಟ್ರು

ಜ್ವರದ ಹೋಲಿಕೆ ಇಲ್ಲಿ ಹೊಂದಲ್ಲ. ಜ್ವರ ಏರಿದರೆ ಮೈಯಲ್ಲಿ ಏನೋ ಬದಲಾಗಿದೆ ಅಂತ ಅರ್ಥ. ಇಲ್ಲಿ ಬಂಡೆಯ ದಾರಿ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಬದಲಾದದ್ದು ನಮ್ಮ ತಿಳಿವಳಿಕೆ.

ಹೀಗೆ ನೋಡಿ. ಕತ್ತಲಲ್ಲಿ ಹೊಳೆಯಲ್ಲಿ ಒಂದು ದೋಣಿ ಬರ್ತಾ ಇದೆ. ಎಲ್ಲಿದೆ ಅಂತ ಸರಿಯಾಗಿ ಕಾಣಲ್ಲ. ಹಾಗಾಗಿ ಅದು ಇರಬಹುದಾದ ಜಾಗದಲ್ಲೆಲ್ಲ ಒಂದೊಂದು ದೋಣಿ ಕಲ್ಪಿಸ್ಕೊಳ್ತೀರಿ. ದಡದಿಂದ ದಡಕ್ಕೆ 300 ದೋಣಿಗಳ ಸಾಲು. ನಿಜವಾದದ್ದು ಅದರಲ್ಲಿ ಒಂದೇ. ಯಾವುದು ಅಂತ ಗೊತ್ತಿಲ್ಲ. ಎದುರಿಗೆ ಸೇತುವೆಯ ಒಂದು ಕಂಬ. ಆ 300ರಲ್ಲಿ ಒಂದು ದೋಣಿ ಮಾತ್ರ ಕಂಬಕ್ಕೆ ನೇರವಾಗಿದೆ. ಸಾಧ್ಯತೆ 300ರಲ್ಲಿ ಒಂದು.

ಈಗ ಸ್ವಲ್ಪ ಬೆಳಕಾಯಿತು. ಎಡದಂಚಿನ ನೂರಾರು ದೋಣಿಗಳು ಸುಳ್ಳು ಅಂತ ಗೊತ್ತಾಗಿ ಅಳಿಸಿದಿರಿ. ಉಳಿದದ್ದು 62. ಕಂಬಕ್ಕೆ ನೇರ ಇರೋ ಆ ಒಂದು ದೋಣಿ ಇನ್ನೂ ಸಾಲಿನಲ್ಲಿದೆ. ಸಾಧ್ಯತೆ 62ರಲ್ಲಿ ಒಂದು ಆಯಿತು. ಇನ್ನೂ ಬೆಳಕು, ಉಳಿದದ್ದು 37. ಅದು ಇನ್ನೂ ಇದೆ. ಆಮೇಲೆ ಪೂರ್ತಿ ಬೆಳಕಾಗಿ ಇನ್ನಷ್ಟು ಅಳಿಸುವಾಗ ಆ ಒಂದೂ ಅಳಿಸಿಹೋಯಿತು. ಸೊನ್ನೆ.

ನಡುವೆ ಒಂದು ದೋಣಿಯೂ ಕಂಬದ ಕಡೆ ತಿರುಗಲಿಲ್ಲ. ಸಾಲು ಚಿಕ್ಕದಾದಾಗ ಕಂಬ ಸಾಲಿನೊಳಗೆ ಇರೋವರೆಗೆ ಅಂಕಿ ಏರಲೇಬೇಕು. ಹತ್ತಿರದಲ್ಲೇ ಹಾದುಹೋಗೋ ಬಂಡೆಗಳಲ್ಲಿ ಈ ಏರಿಕೆ ಸಾಮಾನ್ಯ. ಬಹುತೇಕ ಸಲ ಅದು ಸೊನ್ನೆಗೆ ಹೋಗೋ ದಾರಿ.

ಬೆಳ್ಳಿಚುಕ್ಕಿ

ಮೇಷ್ಟ್ರೇ, ಇದು ನನ್ನ ತಲೆಗೂ ಹತ್ತಿತು. ಕಾಗದದಲ್ಲಿ ದೋಣಿ ಬರೆದು ಮಗಳ ಕೈಯಲ್ಲೇ ಅಳಿಸಿಸ್ತೀನಿ.

ಧೂಳುಬಾಲ

2024 ವೈಆರ್4 ಅನ್ನೋ ಬಂಡೆ ನೆನಪಿದೆಯಾ? ಅದೇ ಕಥೆ. 2024ರ ಡಿಸೆಂಬರ್ 27ಕ್ಕೆ ಚಿಲಿಯ ಅಟ್ಲಾಸ್ ದೂರದರ್ಶಕಕ್ಕೆ ಸಿಕ್ಕಿತು, 2032ಕ್ಕೆ ಬಡಿಯಬಹುದು ಅಂದರು. 2025ರ ಫೆಬ್ರವರಿ 18ಕ್ಕೆ ಶೇ. 3.1. ಅಪೋಫಿಸ್‌ನ ಶೇ. 2.7 ದಾಖಲೆಯನ್ನೂ ಮೀರಿತು. ವಾರ ಕಳೆಯೋದರೊಳಗೆ ಭೂಮಿಗೆ ಅಪಾಯ ಇಲ್ಲ ಅಂತಾಯಿತು. ಏರಿದ ದಿನ ಬಂದ ಸುದ್ದಿ ಎಷ್ಟು, ಇಳಿದ ದಿನ ಬಂದದ್ದು ಎಷ್ಟು ಅಂತ ಎಣಿಸಿ ನೋಡಿ.

ಸುಮ್ನೆ_ಓದುಗ

ಶೇಕಡಾ ಜಾಸ್ತಿ ಆದ್ರೂ ಅದು ಟೊರಿನೊದಲ್ಲಿ 3 ಮಾತ್ರ, ಅಪೋಫಿಸ್ 4. ಯಾಕೆ?

ಧೂಳುಬಾಲ

ಮಾಪಕದಲ್ಲಿ ಸಾಧ್ಯತೆ ಜೊತೆಗೆ ಬಿದ್ದರೆ ಎಷ್ಟು ಹಾನಿ ಅನ್ನೋದೂ ಸೇರಿದೆ. ವೈಆರ್4 ಸುಮಾರು 60 ಮೀಟರ್. ಅಪೋಫಿಸ್ ಅದಕ್ಕಿಂತ ಆರು ಪಟ್ಟು ಅಗಲ. ಅಗಲ ಆರು ಪಟ್ಟು ಅಂದ್ರೆ ದ್ರವ್ಯ ಇನ್ನೂರು ಪಟ್ಟಿಗೂ ಮೇಲೆ.

ಅನುಮಾನರಾಯ

ಸರಿ, 2029 ಒಪ್ಪಿದೆ. ಆದ್ರೆ ಅಷ್ಟು ಹತ್ತಿರ ಬಂದಾಗ ಭೂಮಿ ಎಳೆದು ದಾರಿ ತಿರುಗಿಸುತ್ತಲ್ಲ? ಆಮೇಲೆ ಬರೋ ಸುತ್ತಿನಲ್ಲಿ ಬಡಿದರೆ? 2036 ಅಂತ ಎಲ್ಲೋ ಓದಿದ ನೆನಪು.

ಕತ್ತಲೆಪ್ರಿಯೆ

ಒಳ್ಳೇ ಪ್ರಶ್ನೆ. ಈ ಬಂಡೆಯ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಹೌದು, ತಿರುಗಿಸುತ್ತೆ, ಚೆನ್ನಾಗಿಯೇ ತಿರುಗಿಸುತ್ತೆ. ಈಗ ಅಪೋಫಿಸ್ ಸೂರ್ಯನನ್ನು ಸುತ್ತೋಕೆ ಸುಮಾರು 324 ದಿನ ತಗೊಳ್ಳುತ್ತೆ. 2029ರ ಭೇಟಿ ಮುಗಿದ ಮೇಲೆ ಅದು ಸುಮಾರು 14 ತಿಂಗಳಾಗುತ್ತೆ. ಭೂಮಿಗಿಂತ ಕಿರಿದಾದ ಕಕ್ಷೆ ಇರೋ ಏಟನ್ ಗುಂಪಿನಿಂದ ಹಿರಿದಾದ ಕಕ್ಷೆಯ ಅಪೊಲೊ ಗುಂಪಿಗೆ ವರ್ಗ. ಒಂದೇ ರಾತ್ರಿಯಲ್ಲಿ!

ಎಷ್ಟು ತಿರುಗುತ್ತೆ ಅನ್ನೋದು ಎಷ್ಟು ಹತ್ತಿರ ಹಾದುಹೋಯಿತು ಅನ್ನೋದರ ಮೇಲೆ ನಿಂತಿದೆ. ಭೂಮಿಯ ಪಕ್ಕ ಒಂದು ನಿರ್ದಿಷ್ಟ ಜಾಗದಲ್ಲಿ, ಅಗಲ ಬರೀ 600 ಮೀಟರ್, ಅಲ್ಲೇ ಹಾದರೆ ಸೂರ್ಯನನ್ನು ಸುತ್ತೋ ಅದರ ಹೊಸ ಅವಧಿ ಸರಿಯಾಗಿ ನಮ್ಮ ಏಳು ವರ್ಷಕ್ಕೆ ಆರು ಸುತ್ತು ಬರೋ ಹಾಗೆ ಹೊಂದಿಬಿಡುತ್ತಿತ್ತು. ಆಗ 2036ರ ಏಪ್ರಿಲ್ 13ಕ್ಕೆ ಬಂಡೆಯೂ ಭೂಮಿಯೂ ಅದೇ ಜಾಗಕ್ಕೆ ಒಟ್ಟಿಗೆ ಬರ್ತಿದ್ದವು. ಈ ಜಾಗಕ್ಕೆ 'ಬೀಗದ ಕಿಂಡಿ' ಅಂತಾರೆ. 2013ರ ಜನವರಿಯಲ್ಲಿ ಅಪೋಫಿಸ್ ಸುಮಾರು ಒಂದೂವರೆ ಕೋಟಿ ಕಿ.ಮೀ. ದೂರದಲ್ಲಿ ಹಾದುಹೋದಾಗ ಅಳತೆ ಬಿಗಿಯಾಗಿ, ಅದು ಕಿಂಡಿಯ ಹತ್ತಿರವೂ ಬರಲ್ಲ ಅಂತ ಖಚಿತವಾಯಿತು. 2036 ಮುಗಿಯಿತು.

ಅನುಮಾನರಾಯ

2068? ಆಗಲೂ ಬಡಿಯಬಹುದು ಅಂತಿದ್ದರಲ್ಲ?

ಕತ್ತಲೆಪ್ರಿಯೆ

ಬಿಡಲ್ಲ ನೀವು 🙂 ಅದು ಹೋದದ್ದು 2021ರ ಮಾರ್ಚ್‌ನಲ್ಲಿ. ಆಗ ಸುಮಾರು 1.7 ಕೋಟಿ ಕಿ.ಮೀ. ದೂರದಲ್ಲಿತ್ತು. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿರೋ 70 ಮೀಟರ್ ಆಂಟೆನಾದಿಂದ ರೇಡಿಯೊ ಅಲೆ ಬಿಟ್ಟು, ಬಂಡೆಗೆ ತಾಗಿ ವಾಪಸ್ ಬಂದ ಪ್ರತಿಧ್ವನಿಯನ್ನು ಅಮೆರಿಕದ್ದೇ ಆದ ಗ್ರೀನ್ ಬ್ಯಾಂಕ್ ರೇಡಿಯೊ ದೂರದರ್ಶಕದಲ್ಲಿ ಹಿಡಿದರು. ಎಷ್ಟು ಹೊತ್ತಿಗೆ ವಾಪಸ್ ಬಂತು ಅನ್ನೋದರಿಂದ ದೂರ ಗೊತ್ತಾಗುತ್ತೆ. ಅಲೆಯ ಆವರ್ತನ ಎಷ್ಟು ಜಾರಿದೆ ಅನ್ನೋದರಿಂದ ವೇಗ. 2029ರ ಜಾಗದ ಅನಿಶ್ಚಿತತೆ ನೂರಾರು ಕಿಲೋಮೀಟರಿನಿಂದ ಕೆಲವೇ ಕಿಲೋಮೀಟರಿಗೆ ಇಳಿಯಿತು. ನಾಸಾ ಅದನ್ನು ಅಪಾಯದ ಪಟ್ಟಿಯಿಂದ ತೆಗೆದುಹಾಕಿತು. ಇನ್ನು ಕನಿಷ್ಠ ನೂರು ವರ್ಷ ಡಿಕ್ಕಿಯಿಲ್ಲ.

ಲೆಕ್ಕದ_ಮೇಷ್ಟ್ರು

2068ರ ಚಿಂತೆ ಅಷ್ಟು ವರ್ಷ ಯಾಕೆ ಎಳೆಯಿತು ಅನ್ನೋದಕ್ಕೆ ಒಂದು ಚಂದದ ಕಾರಣ ಇದೆ: ಬಿಸಿಲು. ಬಂಡೆಯ ಒಂದು ಮೈ ಬಿಸಿಲಿಗೆ ಕಾಯುತ್ತೆ. ಉರುಳುತ್ತಾ ಆ ಕಾದ ಮೈ ಬೇರೆ ದಿಕ್ಕಿಗೆ ತಿರುಗಿದ ಮೇಲೆ ಶಾಖ ಹೊರಬಿಡುತ್ತೆ. ಹೊರಟ ಶಾಖ ಬಂಡೆಯನ್ನು ಇಷ್ಟೇ ಇಷ್ಟು ಹಿಂದಕ್ಕೆ ತಳ್ಳುತ್ತೆ. 1900ರ ಸುಮಾರಿಗೆ ಯಾರ್ಕೊವ್‌ಸ್ಕಿ ಅನ್ನೋ ಎಂಜಿನಿಯರ್ ಒಂದು ಕಿರುಪುಸ್ತಿಕೆಯಲ್ಲಿ ಇದನ್ನು ಬರೆದಿದ್ದ, ಆಮೇಲೆ ಎಲ್ಲರೂ ಮರೆತರು. ದಶಕಗಳ ನಂತರ ಖಗೋಳಜ್ಞ ಅರ್ನ್‌ಸ್ಟ್ ಈಪಿಕ್ ತಾನು ಎಳೆತನದಲ್ಲಿ ಓದಿದ್ದನ್ನು ನೆನಪಿನಿಂದಲೇ ಎತ್ತಿ ಹೇಳಿದ. ಅಪೋಫಿಸ್‌ನಲ್ಲಿ ಈ ತಳ್ಳಾಟದಿಂದ ಕಕ್ಷೆ ವರ್ಷಕ್ಕೆ ಸುಮಾರು 170 ಮೀಟರ್ ಸರಿಯುತ್ತೆ ಅಂತ 2020ರಲ್ಲಿ ಥೋಲೆನ್ ತಂಡವೇ ಅಳೆದು ಹೇಳಿತು. 170 ಮೀಟರ್ ಅಂದರೆ ಬಂಡೆಯ ಅರ್ಧ ಮೈ. ಕಿಂಡಿಯೇ 600 ಮೀಟರ್ ಇರುವಾಗ ಇದನ್ನು ಲೆಕ್ಕಕ್ಕೆ ಹಿಡಿಯದೆ ಆಗುತ್ತಾ?

ಇನ್ನೊಂದು. ಭೂಮಿ ತನ್ನ ಕಕ್ಷೆಯಲ್ಲಿ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡುತ್ತೆ. ತನ್ನ ಅಗಲವಾದ 12,742 ಕಿ.ಮೀ. ದಾಟಲು ಅದಕ್ಕೆ ಬೇಕಾದದ್ದು ಏಳು ನಿಮಿಷ. ದಾರಿಗಳು ಕೂಡೋ ಜಾಗಕ್ಕೆ ಬಂಡೆ ಏಳೆಂಟು ನಿಮಿಷ ಬೇಗಲೋ ತಡವಾಗಿಯೋ ಬಂದರೆ ಭೂಮಿ ಅಲ್ಲಿರೋದೇ ಇಲ್ಲ. ಡಿಕ್ಕಿ ಅನ್ನೋದು ದೂರದ ಲೆಕ್ಕ ಎಷ್ಟೋ, ಹೊತ್ತಿನ ಲೆಕ್ಕವೂ ಅಷ್ಟೇ.

ಮಣ್ಣಿನ_ಮಗ

ಈ ಕಡೆ ಹೊಸಬ. ಅದು ಹತ್ತಿರ ಬಂದಾಗ ಅದರ ಸೆಳೆತಕ್ಕೆ ಸಮುದ್ರ ಉಕ್ಕುತ್ತೆ, ಭೂಕಂಪ ಆಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜಾನಾ ಅಣ್ಣಾ?

ಲೆಕ್ಕದ_ಮೇಷ್ಟ್ರು

ಇಲ್ಲಪ್ಪ. ಉಬ್ಬರ ಎಬ್ಬಿಸೋ ಬಲ ದ್ರವ್ಯದ ಜೊತೆ ಏರುತ್ತೆ, ದೂರದ ಘನದ ಜೊತೆ ಇಳಿಯುತ್ತೆ. ಅಪೋಫಿಸ್ ಚಂದ್ರನಿಗಿಂತ ಹತ್ತು ಪಟ್ಟು ಹತ್ತಿರ ಬರುತ್ತೆ, ಹಾಗಾಗಿ ಸಾವಿರ ಪಟ್ಟು ಅನುಕೂಲ. ಆದರೆ ಚಂದ್ರನ ದ್ರವ್ಯ ಅದಕ್ಕಿಂತ ಲಕ್ಷ ಕೋಟಿ ಪಟ್ಟು. ಭಾಗಿಸಿದರೆ ಚಂದ್ರನ ಉಬ್ಬರದ ನೂರು ಕೋಟಿಯಲ್ಲಿ ಒಂದು ಪಾಲು. ಚಂದ್ರ ಒಂದು ಮೀಟರ್ ನೀರು ಎತ್ತೋ ಕಡೆ ಇದು ಒಂದು ಮೀಟರಿನ ನೂರು ಕೋಟಿಯ ಒಂದು ಭಾಗ ಎತ್ತುತ್ತೆ. ಅಳೆಯೋಕೂ ಆಗಲ್ಲ.

ಕತ್ತಲೆಪ್ರಿಯೆ

ಕಂಪ ಆಗೋದಾದರೆ ಅಲ್ಲಿ ಆಗಬೇಕು. ಭೂಮಿಯ ಸೆಳೆತಕ್ಕೆ ಅಪೋಫಿಸ್ ಮೈ ಹಿಂಡಿದ ಹಾಗಾಗಿ ಅದು ಉರುಳೋ ರೀತಿಯೇ ಬದಲಾಗಬಹುದು. ಅಲ್ಲಲ್ಲಿ ಮಣ್ಣು, ಕಲ್ಲು ಜಾರಬಹುದು. ಅದನ್ನು ನೋಡೋಕೆ ಅಂತಲೇ ನೌಕೆಗಳು ಹೊರಟಿವೆ. 'ಬೆನ್ನು' ಅನ್ನೋ ಹೆಸರಿನ ಕ್ಷುದ್ರಗ್ರಹದಿಂದ ಮಾದರಿ ತಂದು 2023ರ ಸೆಪ್ಟೆಂಬರ್‌ನಲ್ಲಿ ಭೂಮಿಗೆ ಇಳಿಸಿದ ನಾಸಾದ ನೌಕೆಯನ್ನೇ ಒಸೈರಿಸ್-ಅಪೆಕ್ಸ್ ಅಂತ ಹೊಸ ಹೆಸರಿಟ್ಟು ಇದರ ಬೆನ್ನಟ್ಟೋಕೆ ಕಳಿಸಿದ್ದಾರೆ. ಅದು ತಲುಪೋದು ಭೇಟಿ ಮುಗಿದ ಮೇಲೆ. ಮೊದಲೇ ಅಲ್ಲಿದ್ದು ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಅಂತ ನೋಡೋ ಆಸೆ ಯುರೋಪಿನ ಬಾಹ್ಯಾಕಾಶ ಸಂಸ್ಥೆಯದ್ದು. ಅವರ ರ‍್ಯಾಮ್ಸೆಸ್ ನೌಕೆ 2028ರಲ್ಲಿ ಹೊರಡೋ ಯೋಜನೆ.

ಅನುಮಾನರಾಯ

ಒಂದು ವೇಳೆ ಮುಂದೊಂದು ದಿನ ಇಂಥದ್ದೇ ಇನ್ನೊಂದು ನಿಜವಾಗಿ ಬಡಿಯೋಕೆ ಬಂದರೆ? ಬಾಂಬ್ ಹಾಕ್ತಾರಾ?

ಧೂಳುಬಾಲ

ಮೊದಲ ಆಯ್ಕೆ ಬಾಂಬ್ ಅಲ್ಲ, ಗುದ್ದು. 2022ರ ಸೆಪ್ಟೆಂಬರ್ 26ಕ್ಕೆ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಅನ್ನೋ ಪುಟ್ಟ ಬಂಡೆಗೆ ಸೆಕೆಂಡಿಗೆ 6 ಕಿ.ಮೀ. ವೇಗದಲ್ಲಿ ಹೋಗಿ ಗುದ್ದಿತು. ಅದು ಡಿಡಿಮಸ್ ಅನ್ನೋ ದೊಡ್ಡ ಬಂಡೆಯನ್ನು 11 ಗಂಟೆ 55 ನಿಮಿಷಕ್ಕೊಮ್ಮೆ ಸುತ್ತುತ್ತಿತ್ತು, ಗುದ್ದಿದ ಮೇಲೆ ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಅಷ್ಟಾದರೂ ವೇಗದಲ್ಲಿ ಬದಲಾದದ್ದು ಸೆಕೆಂಡಿಗೆ ಮೂರು ಮಿಲಿಮೀಟರ್ ಕೂಡ ಅಲ್ಲ. ಇರುವೆ ಇದಕ್ಕಿಂತ ಜೋರಾಗಿ ಓಡುತ್ತೆ.

ಆದ್ರೆ ಸಮಯ ಇದ್ದರೆ ಇರುವೆ ವೇಗವೂ ಸಾಕು. ಸೆಕೆಂಡಿಗೆ 2 ಸೆಂಟಿಮೀಟರ್ ಬದಲಾಯಿಸಿ ಹತ್ತು ವರ್ಷ ಬಿಡಿ. ಸರಳ ಗುಣಾಕಾರದಲ್ಲೇ 6,300 ಕಿ.ಮೀ. ಆಚೀಚೆ. ಹೆಚ್ಚುಕಮ್ಮಿ ಭೂಮಿಯ ತ್ರಿಜ್ಯ. ಹಾಗಾಗಿ ಬೇಗ ಕಂಡುಹಿಡಿಯೋದೇ ಅರ್ಧ ಯುದ್ಧ. ನನಗೆ ಹೆದರಿಕೆ ಇದ್ದರೆ ಹೆಸರಿರೋ ಬಂಡೆಗಳದ್ದಲ್ಲ, ಇನ್ನೂ ಹೆಸರಿಡದವುಗಳದ್ದು. 2013ರ ಫೆಬ್ರವರಿ 15ಕ್ಕೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದದ್ದು ಬರೀ 20 ಮೀಟರಿನದ್ದು. ಸೂರ್ಯನ ದಿಕ್ಕಿನಿಂದ ಬಂತು, ಯಾರೂ ನೋಡಿರಲಿಲ್ಲ. ಕಿಟಕಿ ಗಾಜು ಒಡೆದು ಸುಮಾರು 1,500 ಜನಕ್ಕೆ ಗಾಯ. ತಮಾಷೆ ಏನಂದ್ರೆ ಅವತ್ತು ಖಗೋಳಜ್ಞರೆಲ್ಲ ಇನ್ನೊಂದು ಬಂಡೆ 27,700 ಕಿ.ಮೀ. ಎತ್ತರದಲ್ಲಿ ಹಾದುಹೋಗೋದನ್ನು ನೋಡೋಕೆ ಕಾಯ್ತಿದ್ದರು. ಎರಡಕ್ಕೂ ಸಂಬಂಧವೇ ಇಲ್ಲ.

ಅನುಮಾನರಾಯ

ಅಂದ್ರೆ ಟಿವಿಯವರು ಹೆದರಿಸೋದಾದ್ರೆ ಸರಿಯಾದ ಬಂಡೆಗೆ ಹೆದರಿಸಬೇಕಿತ್ತು ಅಂತೀರಿ. ಸರಿ, ಈ ಸಲ ಒಪ್ಪಿದೆ. ಬರೆದಿಟ್ಟುಕೊಳ್ಳಿ.

ಬೆಳ್ಳಿಚುಕ್ಕಿ

ಎಲ್ಲರಿಗೂ ಧನ್ಯವಾದ. ದೋಣಿ ಆಟ ಆಡಿದ್ದಾಯಿತು. ಮಗಳು ಕೊನೆಯ ದೋಣಿ ಅಳಿಸುವಾಗ "ಇಷ್ಟೇನಾ" ಅಂದಳು, ಸ್ವಲ್ಪ ನಿರಾಸೆಯಿಂದಲೇ ಅನ್ನಿಸಿತು! ಈಗ ಅವಳ ಪ್ರಶ್ನೆ ಬೇರೆ. ಅದು ಕಣ್ಣಿಗೆ ಹೇಗೆ ಕಾಣುತ್ತೆ? ಬಾಲ ಇರುತ್ತಾ? ದೂರದರ್ಶಕ ಬೇಕಾ?

ಕತ್ತಲೆಪ್ರಿಯೆ

ಬಾಲ ಇರಲ್ಲ, ಅದು ಧೂಮಕೇತು ಅಲ್ಲ. ನಕ್ಷತ್ರದ ಹಾಗೆ ಒಂದು ಚುಕ್ಕೆ. ಅತಿ ಹೊಳೆಯುವಾಗ ಅದರ ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಕಡಿಮೆಯಾದಷ್ಟು ಹೊಳಪು ಹೆಚ್ಚು) ಸುಮಾರು 3.1. ಸಪ್ತರ್ಷಿ ಮಂಡಲದಲ್ಲಿ ಏಳರಲ್ಲಿ ಮಂಕಾಗಿರೋ ಅತ್ರಿಯನ್ನು ಅವಳಿಗೆ ತೋರಿಸಿ. ಅದಕ್ಕಿಂತ ಒಂದು ಚೂರು ಹೊಳಪು ಅಷ್ಟೆ. ಕತ್ತಲಿರೋ ಜಾಗಕ್ಕೆ ಹೋದರೆ ಬರಿಗಣ್ಣು ಸಾಕು, ಬೈನಾಕ್ಯುಲರ್ ಇದ್ದರೆ ಆರಾಮ.

ಮಜಾ ಇರೋದು ಅದರ ಓಟದಲ್ಲಿ. ಅತಿ ಹತ್ತಿರ ಇರುವಾಗ ಆಕಾಶದಲ್ಲಿ ಗಂಟೆಗೆ 42 ಡಿಗ್ರಿ ಸರಿಯುತ್ತೆ. ಚಂದ್ರನ ಅಗಲ ಅರ್ಧ ಡಿಗ್ರಿ. ಅಂದ್ರೆ ಚಂದ್ರನಷ್ಟು ದೂರ ದಾಟೋಕೆ 43 ಸೆಕೆಂಡ್. ಪಕ್ಕದಲ್ಲಿ ಒಂದು ನಕ್ಷತ್ರ ಇದ್ದರೆ ನೋಡ್ತಾ ನೋಡ್ತಾ ಅದು ಹಿಂದೆ ಬೀಳುತ್ತೆ.

ಒಂದು ಎಚ್ಚರಿಕೆ. 3.16ಕ್ಕೆ ಅಲಾರಂ ಇಟ್ಟು ಕೂರಬೇಡಿ. ಆ ಹೊತ್ತಿಗೆ ಅದು ಅಟ್ಲಾಂಟಿಕ್ ಮೇಲೆ ಇರುತ್ತೆ. ಅದರ ದಾರಿ ಆಸ್ಟ್ರೇಲಿಯಾದ ಮೇಲಿಂದ ಹಿಂದೂ ಮಹಾಸಾಗರ ದಾಟಿ, ಆಫ್ರಿಕಾ ಮೇಲೆ ಹಾದು ಪಶ್ಚಿಮಕ್ಕೆ. ಹಿಂದೂ ಮಹಾಸಾಗರದ ಸುತ್ತ ಇರೋರು ಅದಕ್ಕೂ ಮೊದಲಿನ ಗಂಟೆಗಳಲ್ಲಿ ಹುಡುಕಬೇಕು.

ಬೆಳ್ಳಿಚುಕ್ಕಿ

ಚಂದ್ರನ ಬೆಳಕು ಅಡ್ಡ ಬಂದರೆ ಕಾಣುತ್ತಾ ಮೇಡಂ?

ಲೆಕ್ಕದ_ಮೇಷ್ಟ್ರು

ನಾನು ಲೆಕ್ಕ ಹಾಕಿ ನೋಡಿದೆ. 2029ರ ಜನವರಿ 14ಕ್ಕೆ ಪಾರ್ಶ್ವ ಸೂರ್ಯಗ್ರಹಣ ಇದೆ, ಅಂದರೆ ಅವತ್ತು ಅಮಾವಾಸ್ಯೆ. ಅಲ್ಲಿಂದ 29.53 ದಿನದ ಮೂರು ಸುತ್ತು ಎಣಿಸಿದರೆ ಸುಮಾರು 88.6 ದಿನ, ಏಪ್ರಿಲ್ 13ರ ಹತ್ತಿರ ಬಂದು ನಿಲ್ಲುತ್ತೆ. ಚಂದ್ರನ ಕಾಟವೇ ಇಲ್ಲ, ಆಕಾಶ ಪೂರ್ತಿ ಕತ್ತಲು.

ಸುಮ್ನೆ_ಓದುಗ

ಅಮಾವಾಸ್ಯೆನಾ!! ದಯವಿಟ್ಟು ಆ ಚಾನೆಲ್‌ನವರಿಗೆ ಯಾರೂ ಹೇಳಬೇಡಿ.